ಬೀಳುವ ತೆಂಗಿನಕಾಯಿಯ ಪಾಸ್‌ಬುಕ್

ಮಕ್ಕಳೇ, ನಾನು ಓದಿದ್ದು ಬಿ.ಕಾಂ., ದುಡಿದದ್ದು ಬ್ಯಾಂಕಿನಲ್ಲಿ ಗುಮಾಸ್ತನಾಗಿ. ಹಾಗಾಗಿ ವಸ್ತುಗಳು ಬೀಳುವ ಲೆಕ್ಕವನ್ನೂ ಪಾಸ್‌ಬುಕ್ಕಿನಂತೆಯೇ ಓದುತ್ತೇನೆ.

20 ಮೀಟರ್ ಎತ್ತರದ ಮರದಿಂದ ತೆಂಗಿನಕಾಯಿಯೊಂದು ಕಳಚಿತು ಎನ್ನಿ. ಆ ಕ್ಷಣ ಅದರ ವೇಗ ಸೊನ್ನೆ. ಆಮೇಲೆ ಭೂಮಿಯ ಗುರುತ್ವಾಕರ್ಷಣೆ ಪ್ರತಿ ಸೆಕೆಂಡಿಗೂ ಅದರ ಖಾತೆಗೆ ಸೆಕೆಂಡಿಗೆ 9.8 ಮೀಟರ್ ವೇಗವನ್ನು ಜಮಾ ಮಾಡುತ್ತದೆ. ಬಾಯಿಲೆಕ್ಕಕ್ಕೆ 10 ಎಂದಿಟ್ಟುಕೊಳ್ಳೋಣ (ಬ್ಯಾಂಕಿನಲ್ಲಾಗಿದ್ದರೆ ಬಿಡುತ್ತಿರಲಿಲ್ಲ!). ಮೊದಲ ಸೆಕೆಂಡಿನಲ್ಲಿ ವೇಗ ಸೊನ್ನೆಯಿಂದ 10ಕ್ಕೆ ಏರಿತು; ಸರಾಸರಿ 5, ಆದ್ದರಿಂದ ಕಾಯಿ ಇಳಿದದ್ದು 5 ಮೀಟರ್. ಎರಡನೆಯದರಲ್ಲಿ 10ರಿಂದ 20ಕ್ಕೆ. ಇಳಿದದ್ದು 15 ಮೀಟರ್. ಒಟ್ಟು 20. ಕಾಯಿ ನೆಲ ಮುಟ್ಟಿತು! ಆಗ ಅದರ ವೇಗ ಗಂಟೆಗೆ 72 ಕಿ.ಮೀ. ಹೆದ್ದಾರಿಯ ಬಸ್ಸಿನ ವೇಗ.

ಮರ ಇನ್ನೂ ಎತ್ತರವಿದ್ದಿದ್ದರೆ ಮೂರನೇ ಸೆಕೆಂಡಿಗೆ 25 ಮೀಟರ್. 5, 15, 25 ಎಂದರೆ 1, 3, 5ರ ಬೆಸಸಂಖ್ಯೆಗಳ ಸಾಲು. ಇಟಲಿಯ ಗೆಲಿಲಿಯೋ ಇಳಿಜಾರಿನಲ್ಲಿ ಗುಂಡು ಉರುಳಿಸಿ ಪರೀಕ್ಷಿಸಿ, 1638ರ ತನ್ನ ಪುಸ್ತಕದಲ್ಲಿ ಬರೆದ ನಿಯಮ ಇದು.

ಭಾರದ ಕಾಯಿ ಬೇಗ ಬೀಳುವುದಿಲ್ಲವೇ ಎಂದು ಅಜ್ಜಿಯರು ಕೇಳಬಹುದು. ಇಲ್ಲ. ಹಕ್ಕಿಯ ಪುಕ್ಕ ತೇಲುತ್ತಾ ಇಳಿಯುವುದು ಗಾಳಿ ತಡೆಯುವುದರಿಂದ. ಗಾಳಿಯಿಲ್ಲದ ಚಂದ್ರನ ಮೇಲೆ 1971ರಲ್ಲಿ ಗಗನಯಾತ್ರಿ ಡೇವಿಡ್ ಸ್ಕಾಟ್ ಸುತ್ತಿಗೆಯನ್ನೂ ಪುಕ್ಕವನ್ನೂ ಒಟ್ಟಿಗೆ ಕೈಬಿಟ್ಟರು. ಎರಡೂ ಒಟ್ಟಿಗೇ ನೆಲ ಸೇರಿದವು.

ಈಗ ಅಜ್ಜನ ಜೊತೆ ಒಂದು ಆಟ ಆಡಿ. ನೀವು 30 ಸೆಂ.ಮೀ. ಸ್ಕೇಲನ್ನು ನೇರವಾಗಿ ತೂಗಿ ಹಿಡಿಯಿರಿ. ಸೊನ್ನೆಯ ಬಳಿ ಅಜ್ಜ ಎರಡು ಬೆರಳು ತೆರೆದಿಟ್ಟುಕೊಳ್ಳಲಿ. ಹೇಳದೆ ಕೈಬಿಡಿ. ಅಜ್ಜ 20ರ ಗೆರೆಯಲ್ಲಿ ಹಿಡಿದರೆ ಅವರಿಗೆ ಬೇಕಾದದ್ದು ಸೆಕೆಂಡಿನ ಐದನೇ ಒಂದು ಭಾಗ. ನನ್ನ ಮೊಮ್ಮಗಳು 17ಕ್ಕೇ ಹಿಡಿಯುತ್ತಾಳೆ. ನನ್ನದು 26.

ಹಾಗಾದರೆ ಕಾಯಿಯಿಂದ ತಪ್ಪಿಸಿಕೊಳ್ಳಲು ಎರಡು ಸೆಕೆಂಡು ಧಾರಾಳವಾಯಿತಲ್ಲ ಎನ್ನಬೇಡಿ. ಸ್ಕೇಲಿನ ಮೇಲೆ ಕಣ್ಣು ನೆಟ್ಟಿರುತ್ತೇವೆ. ಮರದ ಕೆಳಗೆ ಯಾರೂ ಮೇಲೆ ನೋಡುತ್ತಾ ಕೂರುವುದಿಲ್ಲ. ಯಾರೋ ಕಂಡು "ಏಳಿ!" ಎಂದು ಕೂಗುವಷ್ಟರಲ್ಲಿ ಒಂದು ಸೆಕೆಂಡು ಹೋಯಿತು. ಕಾಯಿ ಇನ್ನೂ 15 ಮೀಟರ್ ಮೇಲಿದೆ, ಉಳಿದಿರುವುದು ಮಾತ್ರ ಒಂದೇ ಸೆಕೆಂಡು. ಮಂಡಿ ಹಿಡಿದುಕೊಂಡು ಏಳುವ ನಮ್ಮಂಥವರಿಗೆ ಅದು ಸಾಲದು.

ಅದಕ್ಕೇ ನಮ್ಮ ಹಿತ್ತಲಿನ ಕಲ್ಲುಬೆಂಚು ಇರುವುದು ಸೀಬೆ ಮರದ ಕೆಳಗೆ. ತೆಂಗಿನಕಾಯಿ ಕೀಳಿಸುವ ದಿನ ಮೊಮ್ಮಕ್ಕಳಿಗೂ ನನಗೂ ಜಗುಲಿಯೇ ಗತಿ.