ಯೆಹೂದಿಗಳ ಚರಿತ್ರೆಯೂ ಪ್ರದರ್ಶನಾಲಯದ ಫಲಕಗಳೂ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸ್ ಅವರು 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ 10ನೆಯ ಸಂಪುಟದಲ್ಲಿ ಪ್ರಕಟಿಸಿದರು. ಗ್ರಂಥವು ವಿದ್ವಾಂಸರಿಗೆ ದೊರೆಯಿತು. ಆದರೆ ಕೋಲಾರಮ್ಮನ ಗುಡಿಯಲ್ಲಿ ಚೋಳರ ಕಾಲದ ತಮಿಳು ಶಾಸನದ ಮುಂದೆ ನಿಂತ ಕನ್ನಡಿಗನು ಆ ಅಕ್ಷರಗಳನ್ನು ನೋಡಬಲ್ಲನೇ ಹೊರತು ಓದಲಾರನು. ಓದಲರಿಯದವನಿಗೆ ಓದಿ ಹೇಳುವುದೇ ಪ್ರದರ್ಶನಾಲಯದ ಫಲಕದ ಕರ್ತವ್ಯವು.

ಈ ಕರ್ತವ್ಯವು ಎಷ್ಟು ಸೂಕ್ಷ್ಮವಾದುದೆಂಬುದನ್ನು ನಮ್ಮ ಕರಾವಳಿಯ ಯೆಹೂದಿಗಳ ಚರಿತ್ರೆಯು ತೋರಿಸುವುದು. 12ನೆಯ ಶತಮಾನದಲ್ಲಿ ಟ್ಯುನೀಷಿಯಾ ಮೂಲದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕನು ಮಂಗಳೂರಿನಲ್ಲಿ ಬಹುವರ್ಷ ನೆಲಸಿ, ಮೆಣಸು, ಅಡಕೆ, ಕಬ್ಬಿಣಗಳನ್ನು ಏಡನ್ನಿಗೆ ಕಳುಹಿಸುತ್ತಿದ್ದನು. ಅಲ್ಲಿಂದ ಬಂದ ತಾಮ್ರದಿಂದ ಪಾತ್ರೆಗಳನ್ನು ಮಾಡಿಸುತ್ತಿದ್ದನು. ಏಡನ್ನಿನ ಮಿತ್ರರು ಅವನಿಗೆ ಕಾಗದ, ಸಕ್ಕರೆ, ಒಣದ್ರಾಕ್ಷಿಗಳನ್ನು ಕಳುಹಿಸುತ್ತಿದ್ದರು. ದೇವರ ನಾಮವಿರುವ ಬರಹವನ್ನು ನಾಶಮಾಡಬಾರದೆಂಬ ಯೆಹೂದಿಗಳ ನಿಯಮದಿಂದ, ಈ ಪತ್ರಗಳು ಕೈರೋ ಪಟ್ಟಣದ ಬೆನ್ ಎಜ್ರಾ ಪ್ರಾರ್ಥನಾಮಂದಿರದ ಉಗ್ರಾಣದಲ್ಲಿ ಉಳಿದು ಬಂದವು. ಭಾಷೆ ಅರಬ್ಬಿ, ಲಿಪಿ ಹೀಬ್ರೂ.

ಇಂಥ ಪತ್ರಕ್ಕೆ ಫಲಕ ಬರೆಯುವವನು ಏನು ಮಾಡತಕ್ಕದ್ದು? ಬೆನ್ ಯಿಜುವಿನ ಊಳಿಗದವನ ಹೆಸರು ಪತ್ರಗಳಲ್ಲಿ ಬ, ಮ, ಹ ಎಂಬ ಮೂರೇ ವ್ಯಂಜನಗಳಲ್ಲಿದೆ. ಹಿಂದಿನ ವಿದ್ವಾಂಸರು ಇದನ್ನು 'ಬಾಮಾ' ಎಂದು ಓದಿದರು. ಅಮಿತಾವ್ ಘೋಷ್ ಅವರು ತಮ್ಮ 1992ರ ಗ್ರಂಥದಲ್ಲಿ, ತುಳು ವಿದ್ವಾಂಸ ವಿವೇಕ ರೈಯವರ ನೆರವಿನಿಂದ, ಅದನ್ನು ನಮ್ಮ ಸೀಮೆಯ 'ಬೊಮ್ಮ'ನೆಂದು ಗುರುತಿಸಿದರು. 1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಆಶು ಎಂಬ ದಾಸಿಗೆ ಬೆನ್ ಯಿಜು ಬಿಡುಗಡೆಯ ಪತ್ರವನ್ನು ಬರೆದುಕೊಟ್ಟನು. ಇದು ದಾಖಲೆ. ಆಕೆ ಅವನ ಮಡದಿಯಾದಳೆಂಬುದು ವಿದ್ವಾಂಸರ ಊಹೆ. ಎರಡನ್ನೂ ಒಂದೇ ಬಣ್ಣದ ಅಕ್ಷರದಲ್ಲಿ ಬರೆದರೆ ಫಲಕವು ಸುಳ್ಳಾಡಿದಂತಾಗುವುದು.

ಆದುದರಿಂದ ಮೂಲಪತ್ರದ ಪಡಿಯಚ್ಚು ದೊಡ್ಡದಾಗಿ ಮೇಲಿರಲಿ. ಅದರ ಕೆಳಗೆ ಸರಳವಾದ ಕನ್ನಡ ಇರಲಿ. ಊಹೆಯನ್ನು ಬೇರೆ ಬಣ್ಣದಲ್ಲಿ ತೋರಿಸಲಿ. ಮಂಗಳೂರಿನಿಂದ ಏಡನ್, ಕೈರೋಗಳವರೆಗಿನ ಸಮುದ್ರಮಾರ್ಗದ ನಕ್ಷೆ ಒಂದೇ ನೋಟಕ್ಕೆ ಕಾಣಲಿ. ಚಿತ್ತಾರದ ಅಂಚುಗಳು ಅಕ್ಷರವನ್ನು ಮರೆಮಾಡಬಾರದು. ಕೇರಳದ ಚೆಂದಮಂಗಲದ ಯೆಹೂದಿ ಮಂದಿರವು 2006ರಲ್ಲಿ ಪ್ರದರ್ಶನವಾಗಿ ತೆರೆಯಲ್ಪಟ್ಟಿತು. ಅದರ ಮುಂದೆ 1269ರ ಸಾರಾ ಎಂಬಾಕೆಯ ಸಮಾಧಿಶಿಲೆಯಿದೆ. ಆ ಊರಿನ ಯೆಹೂದಿಗಳು 1948ರ ನಂತರದ ವರ್ಷಗಳಲ್ಲಿ ಇಸ್ರೇಲಿಗೆ ವಲಸೆ ಹೋದರು. ಜನರು ಹೋದ ಮೇಲೆ ಅವರ ಪರವಾಗಿ ಮಾತನಾಡುವುದು ಕಲ್ಲು ಮತ್ತು ಫಲಕಗಳು ಮಾತ್ರವೇ.

ನಮ್ಮ ಜಿಲ್ಲೆಯಲ್ಲಿಯೂ ಮುಂದೆ ಚರಿತ್ರೆಯ ಕೊಠಡಿಗಳನ್ನು ಅಣಿಗೊಳಿಸುವ ಅಧಿಕಾರಿಗಳು ಈ ಕ್ರಮವನ್ನು ಅನುಸರಿಸುವುದು ಯುಕ್ತವು. ಅರಸರ ಹೆಸರು ಹೇಗೂ ಉಳಿಯುವುದು. ಬೊಮ್ಮ, ಆಶುಗಳಂಥವರ ಹೆಸರು ಉಳಿಯಬೇಕಾದರೆ ಯಾರಾದರೂ ಅದನ್ನು ಸ್ಪಷ್ಟವಾಗಿ, ಸತ್ಯವಾಗಿ ಬರೆದಿಡಲೇಬೇಕು.