ಹಾಲಿನ ಕವರ್, ಅಡಿಕೆ ಸಿಪ್ಪೆ ಒಟ್ಟಿಗೆ ಬಿಸಿ ಮಾಡಿದ್ರೆ ಏನಾಗತ್ತೆ?

ಒಣ ಎಲೆ ಗುಡಿಸಿ, ಅದರ ಜೊತೆ ಪ್ಲಾಸ್ಟಿಕ್ ಕವರ್‌ಗಳನ್ನೂ ಸೇರಿಸಿ ರಸ್ತೆ ಬದಿಯಲ್ಲಿ ಬೆಂಕಿ ಹಚ್ಚೋದನ್ನ ನೀವೂ ನೋಡಿರ್ತೀರಿ. ಇದೇ ಎರಡು ಥರದ ಕಸವನ್ನ ಒಟ್ಟಿಗೆ ಬಿಸಿ ಮಾಡಿ ಇಂಧನದ ಎಣ್ಣೆ ತೆಗೆಯೋ ಸಂಶೋಧನೆಯೂ ನಡೀತಿದೆ. ಒಂದು ಕಡೆ ವಿಷದ ಹೊಗೆ, ಇನ್ನೊಂದು ಕಡೆ ಎಣ್ಣೆ. ಯಾಕೆ ಹೀಗೆ? ಇವತ್ತು ಅದನ್ನೇ ನೋಡೋಣ.

ಮೊದಲ ವ್ಯತ್ಯಾಸ ಗಾಳಿ. ಉರಿಯೋದಕ್ಕೆ ಆಕ್ಸಿಜನ್ ಬೇಕು. ಮುಚ್ಚಿದ ಪಾತ್ರೆಯಲ್ಲಿ ಆಕ್ಸಿಜನ್ ಇಲ್ಲದೆ ಸುಮಾರು 500 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಿದ್ರೆ ಕಸ ಉರಿಯಲ್ಲ, ಅದರ ಉದ್ದುದ್ದ ಅಣುಗಳು ತುಂಡಾಗಿ ಆವಿಯಾಗ್ತವೆ. ಆ ಆವಿ ತಣ್ಣಗಾದಾಗ ಎಣ್ಣೆ ಸಿಗತ್ತೆ. ಜೊತೆಗೆ ಒಂದಿಷ್ಟು ಗ್ಯಾಸ್, ತಳದಲ್ಲಿ ಇದ್ದಿಲು. ಇದಕ್ಕೆ ಪೈರಾಲಿಸಿಸ್ ಅಂತಾರೆ.

ನಾನು ಬಿಕಾಂ ಓದಿದವನು, ಲೆಕ್ಕದ ಭಾಷೆಯಲ್ಲೇ ಹೇಳ್ತೀನಿ. ಅಡಿಕೆ ಸಿಪ್ಪೆ, ಭತ್ತದ ಹುಲ್ಲು, ಕಬ್ಬಿನ ಸಿಪ್ಪೆ ಇವೆಲ್ಲದರಲ್ಲೂ ಸೆಲ್ಯುಲೋಸ್ ಇರತ್ತೆ. ಅದರ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ಆಕ್ಸಿಜನ್, ಹೈಡ್ರೋಜನ್ ಬರೀ ಶೇ. 6. ಹಾಗಾಗಿ ಗಿಡದ ಕಸದಿಂದ ಮಾತ್ರ ತೆಗೆದ ಎಣ್ಣೆ ಹುಳಿಯಾಗಿರತ್ತೆ, ನೀರು ಜಾಸ್ತಿ, ಡೀಸೆಲ್‌ನ ಅರ್ಧದಷ್ಟು ಶಾಖವೂ ಸಿಗಲ್ಲ. ಹಾಲಿನ ಕವರ್‌ನ ಪಾಲಿಥೀನ್‌ನಲ್ಲಿ ಆಕ್ಸಿಜನ್ ಇಲ್ಲವೇ ಇಲ್ಲ, ಹೈಡ್ರೋಜನ್ ಸುಮಾರು ಶೇ. 14. ಅಂದ್ರೆ ಒಂದು ಖಾತೆಯಲ್ಲಿ ಕೊರತೆ, ಇನ್ನೊಂದರಲ್ಲಿ ಉಳಿಕೆ.

ಎರಡನ್ನೂ ಸೇರಿಸಿದಾಗ ಕೊಡು-ಕೊಳ್ಳು ಶುರುವಾಗತ್ತೆ. ಮೊದಲು ಒಡೆಯೋದು ಗಿಡದ ಕಸ. ಅದರಿಂದ ಹೊರಬರೋ ಚುರುಕು ತುಂಡುಗಳಿಗೆ ರ್‍ಯಾಡಿಕಲ್ ಅಂತ ಹೆಸರು. ಇವು ಪಾಲಿಥೀನ್ ಸರಪಳಿಯಿಂದ ಹೈಡ್ರೋಜನ್ ಕಿತ್ತುಕೊಂಡು ಸ್ಥಿರವಾಗ್ತವೆ. ಹೈಡ್ರೋಜನ್ ಸಿಗದಿದ್ರೆ ಅವೇ ಒಂದಕ್ಕೊಂದು ಅಂಟಿಕೊಂಡು ಇದ್ದಿಲಾಗ್ತಿದ್ವು. ಹೈಡ್ರೋಜನ್ ಕಳಕೊಂಡ ಪಾಲಿಥೀನ್ ಕೂಡ ಸುಲಭವಾಗಿ ತುಂಡಾಗತ್ತೆ. ಆಕ್ಸಿಜನ್‌ನ ಒಂದು ಭಾಗ ನೀರಾಗಿ, ಕಾರ್ಬನ್ ಡೈಆಕ್ಸೈಡ್ ಆಗಿ ಹೊರಹೋಗತ್ತೆ. ಉಳಿದ ಎಣ್ಣೆಯ ಗುಣಮಟ್ಟ ಏರತ್ತೆ.

ಆದ್ರೆ ಇಲ್ಲಿ ಟೈಮಿಂಗ್ ಮುಖ್ಯ. ಗಿಡದ ಕಸ ಹೆಚ್ಚಾಗಿ 200ರಿಂದ 400 ಡಿಗ್ರಿಯೊಳಗೆ ಒಡೆದರೆ, ಪಾಲಿಥೀನ್‌ಗೆ 400 ದಾಟಬೇಕು. ನಿಧಾನಕ್ಕೆ ಬಿಸಿ ಮಾಡಿದ್ರೆ ಮೊದಲನೆಯದರ ಆವಿ ಹೊರಟೇ ಹೋಗಿರತ್ತೆ, ವ್ಯವಹಾರ ಕುದುರೋದೇ ಇಲ್ಲ.

ಇನ್ನು ಪ್ಲಾಸ್ಟಿಕ್ ಅಂದ್ರೆ ಎಲ್ಲವೂ ಒಂದೇ ಅಲ್ಲ. ನೀರಿನ ಬಾಟಲಿಯ ಪೆಟ್‌ನಲ್ಲಿ ಆಕ್ಸಿಜನ್ ಮೊದಲೇ ಇದೆ, ಅದರಿಂದ ಬರೋ ಆಮ್ಲಗಳು ಪೈಪಿನಲ್ಲಿ ಗಟ್ಟಿಯಾಗಿ ಕಟ್ಟಿಕೊಳ್ತವೆ. ಪಿವಿಸಿಯಂತೂ ಇನ್ನೂ ಕಷ್ಟ. ಪಿವಿಸಿ ರಾಳದ ತೂಕದಲ್ಲಿ ಸುಮಾರು ಶೇ. 57 ಕ್ಲೋರಿನ್. 300 ಡಿಗ್ರಿಯ ಆಸುಪಾಸಿನಲ್ಲೇ ಅದು ಹೈಡ್ರೋಜನ್ ಕ್ಲೋರೈಡ್ ಆಗಿ ಹೊರಬಂದು ಯಂತ್ರವನ್ನ ತಿನ್ನತ್ತೆ, ಎಣ್ಣೆಗೂ ಕ್ಲೋರಿನ್ ಸೇರಿಸತ್ತೆ. ಒಂದೆರಡು ತುಂಡು ವೈರ್ ಕವಚ ಸೇರಿದ್ರೂ ಲೆಕ್ಕ ಕೆಡತ್ತೆ. ಅದೇ ಪಿವಿಸಿ ರಸ್ತೆಯ ಬೆಂಕಿಗೆ ಬಿದ್ರೆ ಡಯಾಕ್ಸಿನ್‌ನಂಥ ವಿಷ ಹುಟ್ಟತ್ತೆ. ಅದು ಹೊಗೆಯಲ್ಲಿ ಬರತ್ತೆ, ಬೂದಿಯಲ್ಲೂ ಉಳಿಯತ್ತೆ.

ಹಾಗಾಗಿ 'ಪ್ಲಾಸ್ಟಿಕ್‌ನಿಂದ ಪೆಟ್ರೋಲ್' ಅನ್ನೋ ವಿಡಿಯೋ ಬಂದ್ರೆ ಫಾರ್ವರ್ಡ್ ಮಾಡೋ ಮುಂಚೆ ಎರಡು ಪ್ರಶ್ನೆ ಕೇಳಿ: ಯಾವ ಪ್ಲಾಸ್ಟಿಕ್? ಅದನ್ನ ಬೇರ್ಪಡಿಸಿದ್ದು ಯಾರು? ಎರಡನೆಯದಕ್ಕೆ ಉತ್ತರ ಶುರುವಾಗೋದು ನಮ್ಮ ಅಡುಗೆಮನೆಯ ಕಸದ ಬುಟ್ಟಿಯಿಂದ. ಹಾಲಿನ ಕವರ್ ತೊಳೆದು ಒಣಗಿಸಿ ಒಣಕಸಕ್ಕೆ ಹಾಕಿ. ಎಲೆ ರಾಶಿಗೆ ಮಾತ್ರ ಬೇಡ.

ಮುಂದಿನ ಸಂಚಿಕೆಯಲ್ಲಿ ಸಿಗೋಣ.