ಬೈಗುಳವೊಂದು ಸಿದ್ಧಾಂತವಾದ ಬಗೆ

ಇಂಗ್ಲಿಷಿನ ‘ಕ್ವೀರ್’ ಪದಕ್ಕೆ ವಿಚಿತ್ರ, ವಿಲಕ್ಷಣ ಎಂಬ ಅರ್ಥಗಳಿವೆ. ಸಲಿಂಗ ಪ್ರೇಮಿಗಳನ್ನು ಹೀಯಾಳಿಸಲು ಅದು ಬಹುಕಾಲ ಬೈಗುಳವಾಗಿ ಬಳಕೆಯಲ್ಲಿತ್ತು. 1990ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ‘ಕ್ವೀರ್ ನೇಷನ್’ ಸಂಘಟನೆ ಆ ಬೈಗುಳವನ್ನೇ ಹೆಸರಾಗಿಟ್ಟುಕೊಂಡು ಬೀದಿಗಿಳಿಯಿತು. ಅದೇ ವರ್ಷ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾಕ್ರೂಜ್‌ನಲ್ಲಿ ನಡೆದ ವಿಚಾರ ಸಂಕಿರಣಕ್ಕೆ ವಿದುಷಿ ತೆರೇಸಾ ಡಿ ಲಾರೆಟಿಸ್ ‘ಕ್ವೀರ್ ಥಿಯರಿ’ ಎಂಬ ಶೀರ್ಷಿಕೆ ಕೊಟ್ಟರು. ಬೀದಿಯ ಪದ ವಿದ್ವತ್ ವಲಯವನ್ನು ಪ್ರವೇಶಿಸಿದ್ದು ಹೀಗೆ.

‘ಇವರೇಕೆ ಬೇರೆಯವರಂತಿಲ್ಲ?’ ಎಂಬುದು ಸಮಾಜದ ಹಳೆಯ ಪ್ರಶ್ನೆ. ‘ಸಹಜ ಯಾವುದೆಂದು ನಿರ್ಧರಿಸಿದವರು ಯಾರು?’ ಎಂಬುದು ಈ ಸಿದ್ಧಾಂತದ ಮರುಪ್ರಶ್ನೆ. ಇದಕ್ಕೆ ಬುನಾದಿ ಹಾಕಿದವರು ಫ್ರೆಂಚ್ ಚಿಂತಕ ಮಿಷೆಲ್ ಫೂಕೊ. ಹಿಂದೆ ಕೇವಲ ಪಾಪ ಅಥವಾ ಅಪರಾಧ ಎನಿಸಿದ್ದ ಕೃತ್ಯವನ್ನು 19ನೇ ಶತಮಾನದ ವೈದ್ಯಶಾಸ್ತ್ರ ಒಂದು ಬಗೆಯ ‘ವ್ಯಕ್ತಿ’ಯನ್ನಾಗಿ ಮಾರ್ಪಡಿಸಿತು ಎಂದು ಅವರು 1976ರಲ್ಲಿ ವಾದಿಸಿದರು. ಉಡುಗೆ, ನಡೆ, ನುಡಿಗಳನ್ನು ದಿನನಿತ್ಯ ಪುನರಾವರ್ತಿಸುವುದರಿಂದಲೇ ಹೆಣ್ತನ, ಗಂಡಸುತನಗಳು ರೂಪುಗೊಳ್ಳುತ್ತವೆ ಎಂದು 1990ರಲ್ಲಿ ಜುಡಿತ್ ಬಟ್ಲರ್ ವಿವರಿಸಿದರು.

ಸಹಜತೆಯನ್ನೇ ಪ್ರಶ್ನಿಸುವ ಚಿಂತನೆಯನ್ನು ಮುಖ್ಯವಾಹಿನಿ ಅಪ್ಪಿಕೊಂಡರೆ ಏನಾಗುತ್ತದೆ? ಡಿ ಲಾರೆಟಿಸ್ 1994ರಲ್ಲೇ ತಾವು ಕೊಟ್ಟ ಹೆಸರನ್ನು ಕೈಬಿಟ್ಟರು. ಪ್ರಕಾಶನೋದ್ಯಮದ ಕೈಗೆ ಸಿಕ್ಕಿ ಅದು ಟೊಳ್ಳಾಯಿತೆಂಬುದು ಅವರ ಆಕ್ಷೇಪ. 2003ರಲ್ಲಿ ಆ ಪದ ಅಮೆರಿಕದ ಟಿ.ವಿ. ಕಾರ್ಯಕ್ರಮವೊಂದರ ಹೆಸರಿಗೂ ಬಂತು. ಐವರು ಸಲಿಂಗ ಪ್ರೇಮಿ ಪುರುಷರು ಇತರ ಗಂಡಸರಿಗೆ ಉಡುಗೆ, ಅಡುಗೆ, ಮನೆ ಅಲಂಕಾರದ ಪಾಠ ಹೇಳುವುದೇ ಅದರ ತಿರುಳು. ತಿರಸ್ಕಾರವೇನೋ ಕಡಿಮೆಯಾಯಿತು; ಆದರೆ ಮೂಲ ಪ್ರಶ್ನೆ ಮರೆಗೆ ಸರಿಯಿತು.

ಮದುವೆಯ ವಿಷಯದಲ್ಲಿ ಈ ಬಿಕ್ಕಟ್ಟು ಇನ್ನಷ್ಟು ತೀವ್ರ. ಮದುವೆಯ ಹಕ್ಕನ್ನೇ ಗುರಿಯಾಗಿಸಿಕೊಂಡರೆ ವಿವಾಹದ ಚೌಕಟ್ಟಿನ ಹೊರಗೆ ಬಾಳುವವರು ಮತ್ತಷ್ಟು ಅಂಚಿಗೆ ಸರಿಯುತ್ತಾರೆ ಎಂದು ಮೈಕೆಲ್ ವಾರ್ನರ್ 1999ರಲ್ಲಿ ಎಚ್ಚರಿಸಿದ್ದರು. ಅಮೆರಿಕದ ಸುಪ್ರೀಂ ಕೋರ್ಟ್ 2015ರಲ್ಲಿ ದೇಶದಾದ್ಯಂತ ಸಲಿಂಗ ವಿವಾಹಕ್ಕೆ ಮಾನ್ಯತೆ ನೀಡಿತು.

ಭಾರತದಲ್ಲಿ ಪರಿಸ್ಥಿತಿ ಬೇರೆ. ವಸಾಹತು ಕಾಲದ 377ನೇ ಕಲಮಿನಡಿ ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಸಾರಿತಾದರೂ, 2023ರಲ್ಲಿ ಸಲಿಂಗ ವಿವಾಹಕ್ಕೆ ಮಾನ್ಯತೆ ನೀಡಲಿಲ್ಲ. ಹೀಗಾಗಿ ದಶಕಗಳ ಕಾಲ ಕೂಡಿ ಬಾಳಿದ ಸಂಗಾತಿ ತೀರಿಕೊಂಡರೂ, ಪತಿ ಪತ್ನಿಯರಿಗೆ ಕಾನೂನು ತಾನಾಗಿಯೇ ಕೊಡುವ ವಾರಸು ಹಕ್ಕು ಉಳಿದವರಿಗೆ ಸಿಗದು. ಮದುವೆ ಎಂಬ ಕಟ್ಟಳೆಯನ್ನು ಪ್ರಶ್ನಿಸಬೇಕೆಂಬ ಸಿದ್ಧಾಂತದ ಮಾತಿನಲ್ಲಿ ತಥ್ಯವಿದೆ. ಆದರೆ ಬೇಡವೆನ್ನುವ ಸ್ವಾತಂತ್ರ್ಯವೂ ಹಕ್ಕು ಇರುವವರಿಗೇ ಹೊರತು, ಅದು ದಕ್ಕದವರಿಗಲ್ಲ.